ಸಲಹೆ ಹೇಳಲೊಂದು ಸಂಸ್ಥೆ: ಸಾರ್ಸ್ ನಂತರ ಕೆನಡಾ ಕಟ್ಟಿದ್ದು

2003ರ ಏಪ್ರಿಲ್ 12ರಂದು ಕೆನಡಾದ ವ್ಯಾಂಕೂವರ್ ನಗರದ ಒಂದು ಕ್ಯಾನ್ಸರ್ ಸಂಶೋಧನಾ ಕೇಂದ್ರದಿಂದ ಜಗತ್ತೇ ಕಾಯುತ್ತಿದ್ದ ಸುದ್ದಿ ಬಂತು. ಏಷ್ಯಾದಿಂದ ಹೊರಟು ದೇಶದಿಂದ ದೇಶಕ್ಕೆ ಹಬ್ಬುತ್ತಿದ್ದ ಸಾರ್ಸ್ ರೋಗದ ವೈರಾಣುವಿನ ಪೂರ್ತಿ ಜೀನೋಮನ್ನು ಅಲ್ಲಿನ ವಿಜ್ಞಾನಿಗಳು ಓದಿ ಮುಗಿಸಿದ್ದರು. ಅವರಿಗೆ ಮಾದರಿ ಕಳಿಸಿದ್ದು ವಿನಿಪೆಗ್‌ನ ರಾಷ್ಟ್ರೀಯ ಸೂಕ್ಷ್ಮಜೀವಿ ಪ್ರಯೋಗಾಲಯ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಗಿಂತ ಎರಡು ದಿನ ಮೊದಲೇ ಕೆನಡಾ ಈ ಕೆಲಸ ಮಾಡಿ ತೋರಿಸಿತ್ತು.

ಹನ್ನೊಂದು ದಿನ ಕಳೆಯಿತು. ಏಪ್ರಿಲ್ 23ರಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ಕೆನಡಾದ ಅತಿ ದೊಡ್ಡ ನಗರ ಟೊರಾಂಟೊಗೆ ತೀರಾ ಅಗತ್ಯವಿಲ್ಲದಿದ್ದರೆ ಯಾರೂ ಹೋಗಬೇಡಿ ಎಂದು ಜಗತ್ತಿಗೆ ಸಾರಿತು. ಹೋಟೆಲುಗಳು ಖಾಲಿಯಾದವು, ಸಮ್ಮೇಳನಗಳು ರದ್ದಾದವು. ರಾಜಧಾನಿ ಒಟ್ಟಾವಾದಿಂದಲೂ ಟೊರಾಂಟೊದಿಂದಲೂ ಪ್ರತಿಭಟನೆ ಹೋದ ಮೇಲೆ ಒಂದು ವಾರದೊಳಗೆ ಆ ಎಚ್ಚರಿಕೆಯನ್ನು ಹಿಂದಕ್ಕೆ ಪಡೆದದ್ದು ನಿಜ. ಆದರೆ ಅಷ್ಟರಲ್ಲಿ ಪೆಟ್ಟು ಬಿದ್ದಾಗಿತ್ತು.

ವೈರಾಣುವಿನ ಒಡಲಿನ ಅಕ್ಷರ ಅಕ್ಷರವನ್ನೂ ಓದಬಲ್ಲ ದೇಶ ಅದು. ಆದರೂ ಈ ಹೊತ್ತಿಗೆ ಎಷ್ಟು ಮಂದಿ ಕಾಯಿಲೆ ಬಿದ್ದಿದ್ದಾರೆ, ಅವರು ಯಾರ ಜತೆಗಿದ್ದರು, ರೋಗ ಆಸ್ಪತ್ರೆಗಳೊಳಗೇ ಇದೆಯೋ ಊರಿಗೂ ಇಳಿದಿದೆಯೋ ಎಂಬುದನ್ನು ದೇಶದ ಪರವಾಗಿ ನಿಂತು ಹೇಳುವ ಅಧಿಕಾರ ಅಲ್ಲಿ ಯಾವ ವೈದ್ಯರಿಗೂ ಇರಲಿಲ್ಲ. ವಿಜ್ಞಾನಕ್ಕೆ ಕೊರತೆಯಿರಲಿಲ್ಲ, ವಿಜ್ಞಾನಿಗಳಿಗೆ ಗೊತ್ತಿದ್ದದ್ದನ್ನು ಸಲಹೆಯಾಗಿ ಮಾಡಿ ಮಂತ್ರಿಗೂ ಜನರಿಗೂ ಏಕಕಾಲಕ್ಕೆ ಮುಟ್ಟಿಸುವ ಜಾಗ ಇರಲಿಲ್ಲ. ಆ ಜಾಗವನ್ನು ಕೆನಡಾ ಹೇಗೆ ಕಟ್ಟಿತು, ಕಟ್ಟಿದ್ದನ್ನು ಹೇಗೆ ಸಡಿಲ ಬಿಟ್ಟಿತು ಎಂಬುದು ಯಾವ ದೇಶದವರೂ ಗಮನಿಸಬೇಕಾದ ಕಥೆ.

ಸಾರ್ಸ್ ಕೆನಡಾ ಮುಟ್ಟಿದ್ದು ಹಾಂಗ್‌ಕಾಂಗ್‌ನ ಮೆಟ್ರೊಪೋಲ್ ಹೋಟೆಲಿನಿಂದ. ಫೆಬ್ರವರಿ ಕೊನೆಯಲ್ಲಿ ಅಲ್ಲಿ ತಂಗಿದ್ದ ಇಬ್ಬರು ಪ್ರಯಾಣಿಕರು ಕೆನಡಾಕ್ಕೆ ಮರಳಿದರು, ಒಬ್ಬರು ಟೊರಾಂಟೊಗೆ, ಇನ್ನೊಬ್ಬರು ವ್ಯಾಂಕೂವರಿಗೆ. ಟೊರಾಂಟೊಗೆ ಬಂದ ವೃದ್ಧೆ ಮಾರ್ಚ್ 5ರಂದು ಮನೆಯಲ್ಲೇ ತೀರಿಕೊಂಡರು. ಆರೈಕೆ ಮಾಡಿದ್ದ ಮಗನಿಗೂ ಜ್ವರ ಹತ್ತಿತು. ಅವರು ಸ್ಕಾರ್ಬರೋ ಗ್ರೇಸ್ ಆಸ್ಪತ್ರೆಗೆ ಬಂದಾಗ ತುರ್ತು ಚಿಕಿತ್ಸಾ ವಿಭಾಗದ ಜನರ ನಡುವೆಯೇ ಗಂಟೆಗಟ್ಟಲೆ ಮಲಗಿರಬೇಕಾಯಿತು. ಪಕ್ಕದ ಹಾಸಿಗೆಗಳ ರೋಗಿಗಳಿಗೂ ಅವರನ್ನು ನೋಡಿಕೊಂಡ ದಾದಿಯರಿಗೂ ಸೋಂಕು ದಾಟಿತು. ವ್ಯಾಂಕೂವರಿನಲ್ಲಿ ಆದದ್ದೇ ಬೇರೆ. ಏಷ್ಯಾದಲ್ಲಿ ವಿಚಿತ್ರ ಜ್ವರವೊಂದು ಕಾಣಿಸಿಕೊಂಡಿದೆ, ಪ್ರಯಾಣಿಕರ ಮೇಲೆ ಕಣ್ಣಿಡಿ ಎಂದು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರೋಗ ನಿಯಂತ್ರಣ ಕೇಂದ್ರ ಆಸ್ಪತ್ರೆಗಳಿಗೆ ಮೊದಲೇ ತಿಳಿಸಿತ್ತು. ಅಲ್ಲಿನ ರೋಗಿ ಆಸ್ಪತ್ರೆಯೊಳಗೆ ಕಾಲಿಟ್ಟ ಕೆಲವೇ ನಿಮಿಷಗಳಲ್ಲಿ ಅವರನ್ನು ಬೇರೆ ಕೋಣೆಗೆ ಸೇರಿಸಿದರು.

ಇದರಲ್ಲಿ ಅದೃಷ್ಟದ ಪಾಲೂ ಇದೆ ಎನ್ನಬೇಕು. ವ್ಯಾಂಕೂವರಿನ ರೋಗಿ ತಾನೇ ಪ್ರಯಾಣ ಮಾಡಿ ಬಂದವರು. ಟೊರಾಂಟೊದ ಮಗ ಎಲ್ಲಿಗೂ ಹೋಗಿರಲಿಲ್ಲ, ಹಾಗಾಗಿ ಅನುಮಾನ ಹುಟ್ಟುವುದು ಕಷ್ಟವಿತ್ತು. ಅದೃಷ್ಟವನ್ನು ಪಕ್ಕಕ್ಕಿಟ್ಟರೂ ಒಂದು ವ್ಯತ್ಯಾಸ ಉಳಿಯುತ್ತದೆ. ಒಂದು ಪ್ರಾಂತ್ಯದಲ್ಲಿ ಪರಿಣತರ ಕೇಂದ್ರವೊಂದು ಮೊದಲೇ ಎದ್ದು ನಿಂತಿತ್ತು. ಇನ್ನೊಂದರಲ್ಲಿ, ಅಂದರೆ ಟೊರಾಂಟೊ ಇರುವ ಒಂಟಾರಿಯೊದಲ್ಲಿ, ಖರ್ಚು ಉಳಿಸಲೆಂದು 2001ರಲ್ಲಿ ಪ್ರಾಂತೀಯ ಪ್ರಯೋಗಾಲಯದ ಐವರು ವಿಜ್ಞಾನಿಗಳನ್ನು ಕೆಲಸದಿಂದ ತೆಗೆಯಲಾಗಿತ್ತು.

ಮುಂದಿನ ತಿಂಗಳುಗಳಲ್ಲಿ ಟೊರಾಂಟೊ ಆರೋಗ್ಯ ಇಲಾಖೆ 23 ಸಾವಿರಕ್ಕೂ ಹೆಚ್ಚು ಸಂಪರ್ಕಿತರನ್ನು ಗುರುತಿಸಿತು, 13 ಸಾವಿರಕ್ಕೂ ಹೆಚ್ಚು ಮಂದಿಯನ್ನು ಮನೆಯಲ್ಲೇ ಕ್ವಾರಂಟೈನ್ ಮಾಡಿತು. ಇಷ್ಟು ದೊಡ್ಡ ಕೆಲಸ ನಡೆದದ್ದು ಬಹುಪಾಲು ಕಾಗದದ ಕಡತಗಳಲ್ಲಿ. ನಗರಕ್ಕೂ ಪ್ರಾಂತ್ಯಕ್ಕೂ ಕೇಂದ್ರ ಸರ್ಕಾರಕ್ಕೂ ಒಪ್ಪಿಗೆಯಾಗುವ ಒಂದು ಕಂಪ್ಯೂಟರ್ ವ್ಯವಸ್ಥೆ ಇರಲಿಲ್ಲ. ರೋಗಿಗಳ ಮಾಹಿತಿಯನ್ನು ಯಾರು ಯಾರಿಗೆ ಕೊಡಬೇಕು ಎಂಬ ಒಪ್ಪಂದವೂ ಆಗಿರಲಿಲ್ಲ. ಕೆನಡಾದಲ್ಲೂ ಆರೋಗ್ಯ ಸೇವೆ ಮುಖ್ಯವಾಗಿ ಪ್ರಾಂತ್ಯಗಳ ಕೈಯಲ್ಲಿದೆ. ಭಾರತದ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಗೆ ಸೇರಿರುವುದರಿಂದ ಇಲ್ಲಿಯ ಓದುಗರಿಗೆ ಆ ತೊಡಕು ಹೊಸದೇನಲ್ಲ.

ಆ ದಿನಗಳಲ್ಲಿ ಟೊರಾಂಟೊದ ಜನ ನಂಬಿ ಕಿವಿಗೊಟ್ಟದ್ದು ನಗರದ ಆರೋಗ್ಯಾಧಿಕಾರಿ ಡಾ. ಶೀಲಾ ಬಸ್ರೂರ್ ಅವರ ಮಾತಿಗೆ. ಹೆಸರು ಕೇಳಿದೊಡನೆ ಕನ್ನಡಿಗರಿಗೆ ಕುಂದಾಪುರದ ಬಳಿಯ ಬಸರೂರು ನೆನಪಾಗುತ್ತದೆ. ಭಾರತದಿಂದ ಬಂದು ನೆಲೆಸಿದ ವೈದ್ಯ ತಂದೆ ಮತ್ತು ವಿಜ್ಞಾನಿ ತಾಯಿಯ ಮಗಳು ಅವರು. ಅದಕ್ಕೆ ಮೊದಲು ಹೋಟೆಲುಗಳ ಬಾಗಿಲಲ್ಲಿ ಸ್ವಚ್ಛತೆಯ ತಪಾಸಣೆಯ ಫಲಿತಾಂಶವನ್ನು ಹಸಿರು, ಹಳದಿ, ಕೆಂಪು ಫಲಕಗಳಲ್ಲಿ ಅಂಟಿಸುವ ಪದ್ಧತಿ ತಂದು ಹೆಸರಾಗಿದ್ದರು. ಸಾರ್ಸ್ ಬಂದಾಗ ದಿನವೂ ಕ್ಯಾಮೆರಾ ಮುಂದೆ ನಿಂತು, ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಎಂದು ಬಿಡಿಸಿ ಹೇಳಿದರು. ನಗರಕ್ಕೊಬ್ಬರು ಅಂಥವರಿದ್ದರು, ದೇಶಕ್ಕೆ ಯಾರೂ ಇರಲಿಲ್ಲ.

ಸ್ವತಂತ್ರವಾಗಿ ಮಾತಾಡಬಲ್ಲ ಆರೋಗ್ಯಾಧಿಕಾರಿಯ ಬೆಲೆ ಒಂಟಾರಿಯೊಗೆ ಮೂರು ವರ್ಷ ಮೊದಲೇ ಗೊತ್ತಾಗಿತ್ತು. 2000ದ ಮೇ ತಿಂಗಳಲ್ಲಿ ವಾಕರ್ಟನ್ ಎಂಬ ಪುಟ್ಟ ಊರಿನಲ್ಲಿ ಜೋರು ಮಳೆಯ ನಂತರ ಕುಡಿಯುವ ನೀರಿಗೆ ಇ-ಕೋಲಿ ಬ್ಯಾಕ್ಟೀರಿಯಾ ಸೇರಿತು. ನೀರು ಕೆಟ್ಟಿದೆ ಎಂಬ ಲ್ಯಾಬ್ ವರದಿ ಕೈಯಲ್ಲಿದ್ದರೂ ನೀರು ಸರಬರಾಜು ನೋಡಿಕೊಳ್ಳುತ್ತಿದ್ದವರು ಅದನ್ನು ಮುಚ್ಚಿಟ್ಟು, ಏನೂ ತೊಂದರೆಯಿಲ್ಲ ಎಂದೇ ಹೇಳುತ್ತಾ ಬಂದರು. ಸ್ಥಳೀಯ ಆರೋಗ್ಯಾಧಿಕಾರಿ ಡಾ. ಮರ್ರೇ ಮೆಕ್‌ಕ್ವಿಗ್ ಅದನ್ನು ನಂಬಿ ಕೂರಲಿಲ್ಲ. ಮೇ 21ರಂದು ನೀರನ್ನು ಕುದಿಸಿಯೇ ಕುಡಿಯಿರಿ ಎಂದು ಪ್ರಕಟಣೆ ಹೊರಡಿಸಿದರು, ಕೆಲವು ದಿನಗಳಲ್ಲಿ ಇದನ್ನು ತಪ್ಪಿಸಬಹುದಿತ್ತು ಎಂದೂ ಬಹಿರಂಗವಾಗಿ ಹೇಳಿದರು. ಏಳು ಮಂದಿ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಮೆಕ್‌ಕ್ವಿಗ್ ಮೇಲಿನವರ ಅಪ್ಪಣೆಗೆ ಕಾದಿದ್ದರೆ ಆ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತೋ.

ಮತ್ತೆ ಸಾರ್ಸ್‌ಗೆ ಬರೋಣ. 2003ರ ಮೇ ಮಧ್ಯದಲ್ಲಿ ಒಂಟಾರಿಯೊ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿದ ಬೆನ್ನಿಗೇ ನಾರ್ತ್ ಯಾರ್ಕ್ ಜನರಲ್ ಆಸ್ಪತ್ರೆಯಲ್ಲಿ ಎರಡನೇ ಅಲೆ ಎದ್ದಿತು. ಎಲ್ಲ ಮುಗಿದಾಗ ಕೆನಡಾದಲ್ಲಿ ಸಂಭಾವ್ಯ ಹಾಗೂ ಶಂಕಿತ ಪ್ರಕರಣಗಳು 438, ಸತ್ತವರು 44. ಅವರಲ್ಲಿ ಇಬ್ಬರು ದಾದಿಯರು, ಒಬ್ಬರು ವೈದ್ಯರು. ಏಷ್ಯಾದ ಹೊರಗೆ ಇಷ್ಟು ಸಾವು ಬೇರೆ ಯಾವ ದೇಶದಲ್ಲೂ ಆಗಲಿಲ್ಲ.

ರೋಗ ಇನ್ನೂ ಆರದಿರುವಾಗಲೇ ಕೇಂದ್ರ ಆರೋಗ್ಯ ಮಂತ್ರಿ ಆ್ಯನ್ ಮೆಕ್‌ಲೆಲ್ಲನ್ ಒಂದು ಸಮಿತಿ ನೇಮಿಸಿದ್ದರು. ಅದರ ಅಧ್ಯಕ್ಷರು ಟೊರಾಂಟೊ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದ ಡೀನ್ ಡೇವಿಡ್ ನೇಲರ್. ಅಕ್ಟೋಬರ್‌ನಲ್ಲಿ ಬಂದ ನೇಲರ್ ವರದಿ ಯಾರ ಮುಖವನ್ನೂ ನೋಡಿ ಬರೆದದ್ದಲ್ಲ. ಮಂತ್ರಾಲಯದಿಂದ ಒಂದಿಷ್ಟು ಅಂತರ ಕಾಯ್ದುಕೊಂಡ ಹೊಸ ಸಂಸ್ಥೆ ಬೇಕು, ಅದಕ್ಕೆ ವೈದ್ಯರೇ ಮುಖ್ಯಸ್ಥರಾಗಿರಬೇಕು, ಆ ಮುಖ್ಯಸ್ಥರು ಜನರೊಂದಿಗೆ ನೇರವಾಗಿ ಮಾತಾಡಬಲ್ಲವರಾಗಿರಬೇಕು ಎಂದಿತು. ಹಣದ ಲೆಕ್ಕವನ್ನೂ ಹಾಕಿಕೊಟ್ಟಿತು. 2007ರ ಹೊತ್ತಿಗೆ ಕೇಂದ್ರ ಸರ್ಕಾರ ವರ್ಷಕ್ಕೆ 70 ಕೋಟಿ ಕೆನಡಾ ಡಾಲರ್ ಹೊಸದಾಗಿ ಖರ್ಚು ಮಾಡಬೇಕು. ಅದರಲ್ಲಿ ಸಂಸ್ಥೆಯ ಸ್ವಂತ ಕೆಲಸಕ್ಕೆ 20 ಕೋಟಿ, ಪ್ರಾಂತ್ಯಗಳ ವ್ಯವಸ್ಥೆ ಬಲಪಡಿಸಲು 30 ಕೋಟಿ, ಲಸಿಕೆಗೆ 10 ಕೋಟಿ, ಸಾಂಕ್ರಾಮಿಕ ರೋಗ ನಿಯಂತ್ರಣಕ್ಕೆ 10 ಕೋಟಿ. ದೊಡ್ಡ ಪಾಲು ಹೋಗಬೇಕಾದ್ದು ಪ್ರಾಂತ್ಯಗಳಿಗೆ ಎಂಬುದು ಇಲ್ಲಿ ಮುಖ್ಯ. ರೋಗ ಮೊದಲು ಕಾಣುವುದು ಊರ ಆಸ್ಪತ್ರೆಯಲ್ಲಿ; ಅಲ್ಲಿ ಎಣಿಸುವವರಿಲ್ಲದೆ ರಾಜಧಾನಿಯಲ್ಲಿ ಎಷ್ಟೇ ಪಂಡಿತರಿದ್ದರೂ ಅವರು ಸಲಹೆ ಕೊಡುವುದು ಯಾವುದರ ಆಧಾರದ ಮೇಲೆ?

2004ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಸಾರ್ವಜನಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾ. ಡೇವಿಡ್ ಬಟ್ಲರ್-ಜೋನ್ಸ್ ದೇಶದ ಮೊದಲ ಮುಖ್ಯ ಸಾರ್ವಜನಿಕ ಆರೋಗ್ಯಾಧಿಕಾರಿಯಾದರು. ಅದಕ್ಕೆಂದೇ ರೂಪಿಸಿದ ಕಾನೂನು 2006ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಕಚೇರಿಯನ್ನು ಒಟ್ಟಾವಾ ಒಂದರಲ್ಲೇ ಇಡದೆ ವಿನಿಪೆಗ್‌ನ ಪ್ರಯೋಗಾಲಯವನ್ನು ಎರಡನೇ ಕಂಬವಾಗಿ ನಿಲ್ಲಿಸಿದರು. ಜತೆಗೆ ಆರು ರಾಷ್ಟ್ರೀಯ ಸಹಯೋಗ ಕೇಂದ್ರಗಳನ್ನು ದೇಶದ ಬೇರೆ ಬೇರೆ ಊರುಗಳಲ್ಲಿ ತೆರೆದರು.

ಇಂಥ ಸಂಸ್ಥೆ ರೋಗಿಗಳಿಗೆ ಔಷಧ ಕೊಡುವುದಿಲ್ಲ, ಆಸ್ಪತ್ರೆ ನಡೆಸುವುದಿಲ್ಲ. ಅದರ ಕೆಲಸ ಮೂರು ಹಂತದ್ದು: ಎಲ್ಲೆಲ್ಲಿ ಏನು ಕಾಣಿಸುತ್ತಿದೆ ಎಂದು ಕಣ್ಣಿಡುವುದು, ಅದು ಎಷ್ಟು ಅಪಾಯಕಾರಿ ಎಂದು ತೂಗುವುದು, ಏನು ಮಾಡಿದರೆ ಒಳಿತು ಎಂದು ಹೇಳುವುದು. ಕಷ್ಟವಿರುವುದು ಕೊನೆಯದರಲ್ಲಿ. ಸಲಹೆ ಬೇಕಾಗುವುದು ಪುರಾವೆ ಅರ್ಧವಷ್ಟೇ ಕೈಗೆ ಬಂದಿರುವಾಗ; ಪೂರ್ತಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಸಾರ್ಸ್ ಕಾಲದಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಎನ್-95 ಮಾಸ್ಕ್ ಬೇಕೋ ಸಾಮಾನ್ಯ ಮಾಸ್ಕ್ ಸಾಕೋ ಎಂಬ ವಾದ ನಡೆದೇ ಇತ್ತು, ಅಷ್ಟರಲ್ಲಿ ದಾದಿಯರು ಸೋಂಕಿಗೆ ಬೀಳುತ್ತಿದ್ದರು. ಒಂಟಾರಿಯೊದಲ್ಲಿ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ತಮ್ಮ ವರದಿಯಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ಅಪಾಯ ತಗ್ಗಿಸುವ ಕ್ರಮಕ್ಕೆ ವೈಜ್ಞಾನಿಕ ಖಚಿತತೆ ಬರಲಿ ಎಂದು ಕಾಯಬಾರದು.

ಹೊಸ ಸಂಸ್ಥೆಗೆ ಮೊದಲ ದೊಡ್ಡ ಪರೀಕ್ಷೆ 2009ರಲ್ಲಿ ಬಂತು. ಮೆಕ್ಸಿಕೊದಲ್ಲಿ ಕಾಣಿಸಿಕೊಂಡ ವಿಚಿತ್ರ ಜ್ವರದ ಮಾದರಿಗಳನ್ನು ಅಲ್ಲಿಯ ಸರ್ಕಾರ ವಿನಿಪೆಗ್‌ಗೆ ಕಳಿಸಿತು. ಅವು ಹೊಸ ಎಚ್1ಎನ್1 ಎಂದು ಏಪ್ರಿಲ್ 23ರ ಹೊತ್ತಿಗೆ ಖಚಿತವಾಯಿತು. ಟೊರಾಂಟೊ ಎಚ್ಚರಿಕೆ ಹೊರಬಿದ್ದು ಸರಿಯಾಗಿ ಆರು ವರ್ಷಕ್ಕೆ ಇನ್ನೊಂದು ದೇಶ ಕೆನಡಾವನ್ನು ನಂಬಿ ಮಾದರಿ ಕಳಿಸಿತ್ತು. ಮುಂದೆ ಎಬೋಲಾ ತಡೆಯಲು ಗಿನಿಯಲ್ಲಿ 2015ರಲ್ಲಿ ಪರೀಕ್ಷೆಗೊಳಗಾಗಿ ಗೆದ್ದ ಲಸಿಕೆಯ ಮೂಲ ಸಂಶೋಧನೆ ಆದದ್ದೂ ಅದೇ ಪ್ರಯೋಗಾಲಯದಲ್ಲಿ.

ವಿನಿಪೆಗ್‌ಗೆ ಕರ್ನಾಟಕದ ನಂಟೂ ಇದೆ. ಪ್ರಯೋಗಾಲಯದ ವೈಜ್ಞಾನಿಕ ನಿರ್ದೇಶಕರಾಗಿದ್ದ ಫ್ರಾಂಕ್ ಪ್ಲಮ್ಮರ್ ಕೀನ್ಯಾದಲ್ಲಿ ಎಚ್‌ಐವಿ ಸಂಶೋಧನೆಯಿಂದ ಹೆಸರಾದವರು, ಅದೇ ಊರಿನ ಮನಿಟೋಬಾ ವಿಶ್ವವಿದ್ಯಾಲಯದವರು. ಆ ವಿಶ್ವವಿದ್ಯಾಲಯ ಕರ್ನಾಟಕದ ಏಡ್ಸ್ ನಿಯಂತ್ರಣ ಕೆಲಸದಲ್ಲಿ ಕೈಜೋಡಿಸಿತು. ಆ ಸಹಯೋಗದಿಂದ 2003ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಟೊರಾಂಟೊ ಸಾರ್ಸ್‌ನಿಂದ ತತ್ತರಿಸಿದ ವರ್ಷವೇ ಅದು.

ಸಂಸ್ಥೆಯ ಕಥೆಯ ನಂತರದ ಭಾಗ ಸಂತೋಷದ್ದಲ್ಲ. 2014ರಲ್ಲಿ ಬಜೆಟ್ ಜಾರಿಯ ದೊಡ್ಡ ಮಸೂದೆಯೊಂದರ ಒಳಗೆ ಸೇರಿಸಿ ಸಂಸ್ಥೆಯ ಕಾನೂನನ್ನು ತಿದ್ದಿದರು. ಅಲ್ಲಿಯವರೆಗೆ ಮುಖ್ಯ ಆರೋಗ್ಯಾಧಿಕಾರಿಯೇ ಸಂಸ್ಥೆಯ ಯಜಮಾನರು. ಹಣ, ಸಿಬ್ಬಂದಿ ಎಲ್ಲವೂ ಅವರ ಕೈಯಲ್ಲಿತ್ತು. ತಿದ್ದುಪಡಿಯ ನಂತರ ಆ ಅಧಿಕಾರ ಹೊಸದಾಗಿ ಸೃಷ್ಟಿಯಾದ ಅಧ್ಯಕ್ಷರ ಹುದ್ದೆಗೆ ಹೋಯಿತು. ವೈದ್ಯರು ಮಂತ್ರಿಗೂ ಅಧ್ಯಕ್ಷರಿಗೂ ಸಲಹೆ ಕೊಡುವವರಾಗಿ ಉಳಿದರು. ಜನರೊಂದಿಗೆ ಮಾತಾಡುವ, ದೇಶದ ಆರೋಗ್ಯ ಸ್ಥಿತಿಯ ಬಗ್ಗೆ ಪ್ರತಿವರ್ಷ ಸಂಸತ್ತಿಗೆ ವರದಿ ಕೊಡುವ ಹಕ್ಕು ಹಾಗೇ ಉಳಿಯಿತು. ಆಡಳಿತದ ಹೊರೆ ಇಳಿದರೆ ವೈದ್ಯರು ವಿಜ್ಞಾನದ ಕಡೆ ಗಮನ ಕೊಡಬಹುದು ಎಂಬುದು ಸರ್ಕಾರದ ವಾದ. ಆ ವಾದ ಕೇಳಲು ಚೆನ್ನಾಗಿದೆ. ಆದರೆ ಯಾವ ಕೆಲಸಕ್ಕೆ ಹಣ ಬೇಕು, ಯಾವ ಮೇಜಿಗೆ ವಿಜ್ಞಾನಿ ಬೇಕು ಎಂದು ತೀರ್ಮಾನಿಸುವ ಕೈ ಬೇರೆಯಾದಾಗ ಸಲಹೆಯ ತೂಕ ತಗ್ಗದೆ ಇರಲಾರದು.

ಇದೇ ಸಂಸ್ಥೆ ನಡೆಸುವ ಜಾಗತಿಕ ಎಚ್ಚರಿಕೆ ಜಾಲಕ್ಕೆ ಆದದ್ದು ನೋಡಿದರೆ ಇದು ತಿಳಿಯುತ್ತದೆ. ಜಿಫಿನ್ ಎಂದು ಕರೆಯುವ ಈ ಜಾಲ ತೊಂಬತ್ತರ ದಶಕದ ಕೊನೆಯಲ್ಲಿ ಶುರುವಾದದ್ದು. ಹಲವು ಭಾಷೆಗಳ ಸುದ್ದಿಗಳನ್ನು ದಿನರಾತ್ರಿ ಜಾಲಾಡಿ, ಎಲ್ಲಿಯಾದರೂ ವಿಚಿತ್ರ ಜ್ವರದ ಸುಳಿವು ಸಿಕ್ಕರೆ ಪರಿಣತರೇ ಕೂಡಲೇ ಎಚ್ಚರಿಕೆ ಹೊರಡಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ನೆಚ್ಚಿಕೊಂಡಿತ್ತು. ಆಮೇಲೆ ಎಚ್ಚರಿಕೆ ಹೊರಡಿಸಲು ಮೇಲಿನ ಅಧಿಕಾರಿಗಳ ಒಪ್ಪಿಗೆ ಬೇಕೆಂದಾಯಿತು. 2019ರ ಮೇ ನಂತರ ಎಚ್ಚರಿಕೆಗಳು ನಿಂತೇ ಹೋದವು. ಆ ವರ್ಷದ ಕೊನೆಯ ದಿನ ವುಹಾನ್‌ನ ನ್ಯುಮೋನಿಯಾ ಸುದ್ದಿ ಜಾಲದ ದೈನಿಕ ವರದಿಯಲ್ಲಿ ಸೇರಿತೇ ಹೊರತು ಎಚ್ಚರಿಕೆಯಾಗಿ ಹೊರಬೀಳಲಿಲ್ಲ. ಕೋವಿಡ್‌ನಿಂದ ಕೆನಡಾಕ್ಕಿರುವ ಅಪಾಯ ಕಡಿಮೆ ಎಂಬ ಅಂದಾಜು 2020ರ ಮಾರ್ಚ್ ಮಧ್ಯದವರೆಗೂ ಬದಲಾಗಲಿಲ್ಲ. ಮುಂದೇನಾಗಬಹುದು ಎಂದು ನೋಡದೆ ಆ ದಿನದ ಸ್ಥಿತಿಯನ್ನಷ್ಟೇ ಅಳೆಯುವ ವಿಧಾನ ಬಳಸಿದ್ದೇ ಇದಕ್ಕೆ ಕಾರಣ ಎಂದು ಮಹಾಲೆಕ್ಕ ಪರಿಶೋಧಕಿ ಕ್ಯಾರನ್ ಹೋಗನ್ 2021ರ ಮಾರ್ಚ್‌ನಲ್ಲಿ ವರದಿ ಕೊಟ್ಟರು. ಪ್ರಾಂತ್ಯಗಳೊಂದಿಗೆ ಮಾಹಿತಿ ಹಂಚಿಕೆಯ ಒಪ್ಪಂದಗಳು ಆಗಲೂ ಅರೆಬರೆಯಾಗಿಯೇ ಇದ್ದವು.

ಸಲಹೆಗಾರರು ಹೆಚ್ಚಾದರೆ ಬರುವ ಗೊಂದಲವೂ ಅದೇ ವರ್ಷ ಕಂಡಿತು. 2021ರ ಫೆಬ್ರವರಿ 26ರಂದು ಔಷಧ ನಿಯಂತ್ರಕರು ಆಸ್ಟ್ರಾಜೆನೆಕಾ ಲಸಿಕೆಯನ್ನು ಎಲ್ಲ ವಯಸ್ಕರಿಗೂ ಒಪ್ಪಿದರು. ಮೂರೇ ದಿನದಲ್ಲಿ ರಾಷ್ಟ್ರೀಯ ಲಸಿಕಾ ಸಲಹಾ ಸಮಿತಿ 65 ದಾಟಿದವರಿಗೆ ಬೇಡ ಎಂದಿತು; ಎರಡು ವಾರದಲ್ಲಿ ಅವರಿಗೂ ಕೊಡಬಹುದು ಎಂದಿತು; ತಿಂಗಳ ಕೊನೆಗೆ 55ಕ್ಕಿಂತ ಕಿರಿಯರಿಗೆ ನಿಲ್ಲಿಸಿ ಎಂದಿತು. ಒಂದೊಂದಕ್ಕೂ ಕಾರಣವಿತ್ತು. ಲಸಿಕೆ ಸುರಕ್ಷಿತವೇ ಎಂದು ಕೇಳುವುದು ನಿಯಂತ್ರಕರ ಕೆಲಸ, ಇರುವ ಲಸಿಕೆಗಳಲ್ಲಿ ಯಾರಿಗೆ ಯಾವುದು ಹೆಚ್ಚು ಒಳಿತು ಎಂದು ಕೇಳುವುದು ಸಮಿತಿಯ ಕೆಲಸ. ನಡುವೆ ಹೊಸ ಪುರಾವೆಗಳೂ ಬರುತ್ತಿದ್ದವು. ಈ ವ್ಯತ್ಯಾಸವನ್ನು ಬಿಡಿಸಿ ಹೇಳುವ ಒಂದು ಧ್ವನಿ ಕೇಳಿಸದೆ ಜನ ಕಂಗೆಟ್ಟರು.

ಬೇರೆಯವರು ಬೇರೆ ದಾರಿ ಹಿಡಿದಿದ್ದಾರೆ. ಸಾರ್ಸ್ ನಂತರ ಯುರೋಪಿಯನ್ ಒಕ್ಕೂಟ ಸ್ಟಾಕ್‌ಹೋಮ್‌ನಲ್ಲಿ ಕಟ್ಟಿದ ರೋಗ ನಿಯಂತ್ರಣ ಕೇಂದ್ರ ಅಪಾಯವನ್ನು ತೂಗಿ ಹೇಳುತ್ತದೆ. ತೀರ್ಮಾನ ಸದಸ್ಯ ದೇಶಗಳದ್ದು. 2015ರಲ್ಲಿ ಮರ್ಸ್ ರೋಗದಿಂದ 38 ಮಂದಿಯನ್ನು ಕಳೆದುಕೊಂಡ ದಕ್ಷಿಣ ಕೊರಿಯಾ ತನ್ನ ಕೇಂದ್ರದ ಮುಖ್ಯಸ್ಥರ ದರ್ಜೆಯನ್ನು ಮೇಲೇರಿಸಿತು, 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ಮಂತ್ರಾಲಯದಿಂದಲೇ ಬಿಡಿಸಿ ಸ್ವತಂತ್ರ ಸಂಸ್ಥೆಯಾಗಿಸಿತು. ಕೊರಿಯಾ ಸಂಸ್ಥೆಗೆ ಬಲ ಹೆಚ್ಚಿಸುತ್ತಾ ಹೋದದ್ದೂ ಕೆನಡಾ ತಾನೇ ಕೊಟ್ಟ ಬಲವನ್ನು ಹಿಂದಕ್ಕೆ ಪಡೆದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಕರ್ನಾಟಕದಲ್ಲಿ ಕೋವಿಡ್ ಕಾಲಕ್ಕೆ ಡಾ. ಎಂ. ಕೆ. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ತಾಂತ್ರಿಕ ಸಲಹಾ ಸಮಿತಿ ರಚನೆಯಾಗಿ ಸರ್ಕಾರಕ್ಕೆ ಶಿಫಾರಸುಗಳನ್ನು ಕೊಡುತ್ತಾ ಬಂತು. ತುರ್ತಿಗೆಂದು ಕೂಡಿಸಿದ ಸಮಿತಿಗೂ, ತನ್ನದೇ ಕಾನೂನು, ಲ್ಯಾಬ್, ಸಿಬ್ಬಂದಿ ಇಟ್ಟುಕೊಂಡು ರೋಗವಿಲ್ಲದ ಕಾಲದಲ್ಲೂ ದುಡಿಯುವ ಸಂಸ್ಥೆಗೂ ಇರುವ ಅಂತರ ದೊಡ್ಡದು.

ಕೆನಡಾದೊಳಗೇ ಈ ಅಂತರವನ್ನು ಚೆನ್ನಾಗಿ ಅರಿತಿದ್ದವರು ಶೀಲಾ ಬಸ್ರೂರ್. 2004ರಲ್ಲಿ ಅವರು ಒಂಟಾರಿಯೊದ ಮುಖ್ಯ ಆರೋಗ್ಯಾಧಿಕಾರಿಯಾದರು. ಅದೇ ವರ್ಷ ಪ್ರಾಂತ್ಯದ ಕಾನೂನು ಬದಲಾಗಿ, ಮಂತ್ರಿಯ ಅಪ್ಪಣೆಯಿಲ್ಲದೆ ಜನರ ಮುಂದೆ ನೇರವಾಗಿ ವರದಿ ಇಡುವ ಅಧಿಕಾರ ಆ ಹುದ್ದೆಗೆ ಬಂತು. ಬ್ರಿಟಿಷ್ ಕೊಲಂಬಿಯಾ ಮತ್ತು ಕ್ವಿಬೆಕ್ ಮಾದರಿಯಲ್ಲಿ ಒಂಟಾರಿಯೊ ತನ್ನದೇ ಸಂಸ್ಥೆ ಕಟ್ಟುವ ಕೆಲಸವೂ ಅವರ ಕಾಲದಲ್ಲೇ ಮುಂದುವರಿಯಿತು. ಕ್ಯಾನ್ಸರ್‌ನಿಂದಾಗಿ 2006ರಲ್ಲಿ ಹುದ್ದೆ ಬಿಟ್ಟ ಅವರು 2008ರ ಜೂನ್‌ನಲ್ಲಿ ತೀರಿಕೊಂಡರು.

ಹೊಸ ಕಾನೂನಿಗೂ ಹೊಸ ಕಚೇರಿಗೂ ಮೀರಿದ ಒಂದು ಕೆಲಸ ಕೆನಡಾದಲ್ಲಿ ಇಂದಿಗೂ ಬಾಕಿಯಿದೆ. 1998ರಿಂದ ದಡಾರವನ್ನು ನಿರ್ಮೂಲ ಮಾಡಿದ ದೇಶವೆನಿಸಿದ್ದ ಕೆನಡಾ 2025ರ ನವೆಂಬರ್‌ನಲ್ಲಿ ಆ ಮಾನ್ಯತೆ ಕಳೆದುಕೊಂಡಿತು. ಆ ವರ್ಷ ಅಲ್ಲಿ 5,000ಕ್ಕೂ ಹೆಚ್ಚು ಪ್ರಕರಣಗಳಾಗಿದ್ದವು. ಯಾವ ಮಗುವಿಗೆ ಯಾವ ಲಸಿಕೆ ಆಗಿದೆ ಎಂದು ದೇಶಕ್ಕೆಲ್ಲ ಒಂದೇ ಕಡೆ ತೋರಿಸುವ ದಾಖಲೆ ಅಲ್ಲಿಲ್ಲ. ಪ್ರಾಂತ್ಯ ಪ್ರಾಂತ್ಯಕ್ಕೂ ಬೇರೆ ಬೇರೆ ಪುಸ್ತಕ. ಮಾನ್ಯತೆ ಮರಳಿ ಸಿಗಬೇಕಾದರೆ ಈಗಿನ ವೈರಾಣು ತಳಿಯ ಹರಡುವಿಕೆ ಕನಿಷ್ಠ 12 ತಿಂಗಳು ನಿಂತಿರಬೇಕು. ಅದನ್ನು ಲೆಕ್ಕ ಸಮೇತ ತೋರಿಸಿಕೊಡುವ ಹೊಣೆ 2004ರಲ್ಲಿ ಹುಟ್ಟಿದ ಸಂಸ್ಥೆಯದು, ಲೆಕ್ಕ ಬರಬೇಕಾದ್ದು ಹತ್ತು ಪ್ರಾಂತ್ಯ ಮತ್ತು ಮೂರು ಪ್ರದೇಶಗಳಿಂದ.